ಜೀನಿನ ಹೊಲಿಗೆ

ಕರಾವಳಿಯ ಇತಿಹಾಸದಲ್ಲಿ ಕುದುರೆ ಒಂದು ದಾರಿಹೋಕ ಪ್ರಾಣಿ. ಪಡುಗಡಲಿನಲ್ಲಿ ಹಡಗೇರಿ ಬಂತು, ರೇವಿನಲ್ಲಿ ಇಳಿಯಿತು, ಘಟ್ಟ ಹತ್ತಿ ಹೋಯಿತು. ನಮ್ಮ ಬಯಲುಗಳಲ್ಲಿ ನೆಲಸಲಿಲ್ಲ. 1443ರಲ್ಲಿ ಹೆರಾತಿನ ಷಾರೂಖನ ರಾಯಭಾರಿ ಅಬ್ದುರ್ ರಝಾಕ್ ಮಂಗಳೂರಿನಲ್ಲಿ ಇಳಿದು ಘಟ್ಟದ ದಾರಿಯಾಗಿ ವಿಜಯನಗರಕ್ಕೆ ನಡೆದ. ಅರಬಸ್ತಾನದ ಮತ್ತು ಹೊರ್ಮುಜಿನ ಕುದುರೆಗಳು ಭಟ್ಕಳದಂತಹ ರೇವುಗಳಲ್ಲಿ ಇಳಿದು ಅಂತಹವೇ ದಾರಿಗಳನ್ನು ಹಿಡಿದು ಮೇಲಕ್ಕೆ ಹೋಗುತ್ತಿದ್ದುವು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಸರು ಮೊದಲು ಕೈಯಿಟ್ಟದ್ದು ಈ ವ್ಯಾಪಾರಕ್ಕೆ. ತಾನೇ ಕುದುರೆ ವ್ಯಾಪಾರಿಯಾಗಿದ್ದ ನೂನಿಜ್ ಎಂಬ ಪೋರ್ತುಗೀಸನು, ವಿಜಯನಗರದ ಅರಸರು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದರೆಂದು ಬರೆದಿದ್ದಾನೆ. ಸಾಳುವ ನರಸಿಂಹನ ವಿಷಯದಲ್ಲಿ ಅವನು ಹೇಳುವ ಮಾತು ಇನ್ನೂ ವಿಚಿತ್ರ. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಅರಸನು ಬದುಕಿರುವ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ.

ಬಾಲಗಳ ಲೆಕ್ಕವೂ ಹೀಗೆ ಚರಿತ್ರೆಯಲ್ಲಿ ಉಳಿದಿದೆ. ಆದರೆ ಆ ಕುದುರೆಗಳ ಬೆನ್ನಿಗೆ ಬಿಗಿದ ಜೀನುಗಳ ಲೆಕ್ಕ ನನ್ನ ಕಣ್ಣಿಗೆ ಬಿದ್ದಿಲ್ಲ. ಬರಿಯ ಕುದುರೆಯಿಂದ ದಂಡು ಆಗುವುದಿಲ್ಲ. ಬೆನ್ನಿಗೆ ಜೀನು ಬೇಕು. ಜೀನು ಜಾರದಂತೆ ಹೊಟ್ಟೆಯ ಸುತ್ತ ಬಿಗಿಯುವ ತಂಗು ಬೇಕು. ಬಾಯಿಗೆ ಕಡಿವಾಣ, ಕೈಗೆ ಲಗಾಮು, ಕಾಲಿಗೆ ರಿಕಾಪು, ಆ ರಿಕಾಪನ್ನು ತೂಗಹಾಕುವುದಕ್ಕೆ ದಪ್ಪ ಚರ್ಮದ ಬಾರು ಬೇಕು. ಕುದುರೆಯ ಬೆವರು ಉಪ್ಪು. ಅದು ಚರ್ಮವನ್ನೂ ನೂಲನ್ನೂ ತಿನ್ನುತ್ತದೆ. ಸವಾರನ ಭಾರವೆಲ್ಲ ಬೀಳುವುದು ಬಾರು ಮಡಿಚಿ ಕೊಂಡಿಗೆ ಸೇರುವ ಅಂಗುಲ ಎರಡಂಗುಲ ಜಾಗದ ಮೇಲೆ. ಹೊಲಿಗೆ ಬಿಡುವುದು ಅಲ್ಲಿಯೇ. ಕುದುರೆ ಯಾವ ದೇಶದಿಂದಲೇ ಬಂದಿರಲಿ, ಬಾರು ಹರಿದಾಗ ಅದನ್ನು ಹೊಲಿಯಬೇಕಾದವನು ಈ ನೆಲದವನೇ. ಈ ಹೊತ್ತು ನಾನು ಹೇಳಬೇಕೆಂದಿರುವುದು ಆ ಹೊಲಿಗೆಯ ಚರಿತ್ರೆಯನ್ನು.

ನಾನು ಪಡುಬಿದ್ರಿಯವನು. ಕುದುರೆಯ ಸಾಮಾನಿನ ಮಾತನ್ನು ಕುದುರೆಯಿಲ್ಲದ ಊರಿನವನು ಏಕೆ ಎತ್ತಬೇಕು ಎಂದು ಕೇಳುಗರು ಕೇಳಬಹುದು. ಇಲ್ಲಿ ಕುದುರೆ ಏಕೆ ನಿಲ್ಲಲಿಲ್ಲ ಎನ್ನುವುದೂ ಇದೇ ಕಥೆಯ ಒಂದು ಭಾಗ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಾಡು ಇದು. ನಾಲ್ಕು ಹೆಜ್ಜೆಗೆ ತೋಡು, ನಾಲ್ಕು ಹರಿದಾರಿಗೆ ಹೊಳೆ. ಆಷಾಢದಲ್ಲಿ ಗೋಡೆಗೆ ತೂಗುಹಾಕಿದ ಚರ್ಮದ ಚೀಲಕ್ಕೆ ಎಂಟು ದಿನಗಳಲ್ಲಿ ಬೂಸಲು ಹಿಡಿಯುತ್ತದೆ. ಇಲ್ಲಿ ಭಾರ ಸಾಗಿದ್ದು ದೋಣಿಯ ಮೇಲೆ, ಎತ್ತಿನ ಬೆನ್ನಿನ ಮೇಲೆ, ಮನುಷ್ಯನ ತಲೆಯ ಮೇಲೆ. ಓಟದ ಪ್ರಾಣಿ ಎಂದರೆ ನಮಗೆ ಕಂಬಳದ ಕೋಣ. ಅದರ ಓಟದ ವಿಭಾಗಗಳ ಹೆಸರುಗಳನ್ನೇ ನೋಡಿ: ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ. ಎಲ್ಲವೂ ಹುರಿಯ, ಮರದ ಮಾತುಗಳು. ಚರ್ಮದ ಮಾತು ಒಂದೂ ಇಲ್ಲ. ನಮ್ಮ ಕುದುರೆಗಳು ಕೂಡ ಮರದವೇ. ಮೂಡಬಿದಿರೆಯ ಚೌಟರ ಅರಮನೆಯ ಮರದ ಕೆತ್ತನೆಯಲ್ಲಿ ಐವರು ಹೆಂಗಸರು ಸೇರಿ ಒಂದು ಕುದುರೆಯಾಗಿರುವ ಪಂಚನಾರೀ ತುರಗವಿದೆ. ಜಾತ್ರೆಯ ಮೆರವಣಿಗೆಯಲ್ಲಿ ಕುಣಿಯುವ ಕೀಲುಕುದುರೆಗೆ ಸವಾರನ ಕಾಲುಗಳೇ ಕಾಲು.

ಹಾಗೆಂದು ಚರ್ಮದ ಕೆಲಸ ಇಲ್ಲಿ ಇರಲಿಲ್ಲವೆಂದಲ್ಲ. ಮದ್ದಳೆಯ ಮುಚ್ಚಿಗೆ, ಚೆಂಡೆಯ ಪಟ್ಟಿ, ಕಾಲಿನ ಮೆಟ್ಟು ಇವೆಲ್ಲ ಆಗಬೇಕಿತ್ತು. ಥರ್ಸ್ಟನ್ ಮತ್ತು ರಂಗಾಚಾರಿ 1909ರಲ್ಲಿ ಹೊರತಂದ, ದಕ್ಷಿಣ ಭಾರತದ ಜಾತಿಗಳನ್ನು ಕುರಿತ ಏಳು ಸಂಪುಟಗಳಲ್ಲಿ ನಮ್ಮ ಜಿಲ್ಲೆಯ ಸಮಗಾರರು ತೊಗಲು ಹದಮಾಡುತ್ತಿದ್ದ ರೀತಿ ವಿವರವಾಗಿ ಬಂದಿದೆ. ಸುಣ್ಣ ಬೆರೆಸಿದ ನೀರಿನ ಮಣ್ಣಿನ ತೊಟ್ಟಿಯಲ್ಲಿ ತೊಗಲು ಒಂದು ತಿಂಗಳು ನೆನೆಯುತ್ತದೆ. ಸುಣ್ಣ ಬಿಡಲು ಮೂರು ದಿನ ಹೊಸ ನೀರು. ಅನಂತರ ನೆಲ್ಲಿಯ ಸೊಪ್ಪಿನ ನೀರಿನಲ್ಲಿ ಹನ್ನೆರಡು ದಿನ. ತೆಗೆದು ಹಿಂಡಿ, ಮತ್ತೆ ಅದೇ ನೀರಿನಲ್ಲಿ ಒಂದು ತಿಂಗಳು. ಆಮೇಲೆ ತೊಗಲನ್ನು ಚೀಲದಂತೆ ಹೊಲಿದು, ಒಳಗೆ ಗೇರು, ದಡ್ಡಾಲ, ನೇರಳೆ ಮರಗಳ ತೊಗಟೆಯನ್ನು ತುಂಬಿ ಒಂದು ದಿನ ತೂಗಹಾಕುವುದು. ಕಡೆಗೆ ಆ ಹೊಲಿಗೆಯನ್ನು ಬಿಚ್ಚಿ, ತೊಳೆದು, ಬಿಸಿಲಿಗೆ ಹಾಕುವುದು. ಎರಡೂವರೆ ತಿಂಗಳ ಈ ದುಡಿಮೆಯ ಬಳಿಕವೂ ಕೆಲವು ತೊಗಲುಗಳು ಕೊಳೆತು ಕೆಲಸಕ್ಕೆ ಬಾರದೆ ಹೋಗುತ್ತಿದ್ದುವೆಂದು ಅಲ್ಲಿ ಬರೆದಿದೆ. ನೆಲ್ಲಿಯೂ ನೇರಳೆಯೂ ನಮ್ಮ ಕಾವ್ಯಗಳಿಗೆ ಗೊತ್ತು. ಅವುಗಳ ಈ ಉಪಯೋಗ ಮಾತ್ರ ನಮ್ಮ ಓದಿನ ಕೋಣೆಯವರೆಗೆ ಬರಲಿಲ್ಲ.

ಘಟ್ಟದ ಮೇಲೆ ಕಥೆ ಬೇರೆ. ಅಲ್ಲಿ ಬಯಲು ಇತ್ತು, ಒಣ ಹವೆ ಇತ್ತು, ಅರಸರ ಲಾಯಗಳಿದ್ದುವು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಸಂಸ್ಕೃತದ ತನ್ನ ‘ಮಾನಸೋಲ್ಲಾಸ’ದಲ್ಲಿ ಕುದುರೆಯೋಟದ ವಿನೋದಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟ. ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, 1627ರಲ್ಲಿ, ಪದ್ಮಣ ಪಂಡಿತನು ‘ಹಯಸಾರ ಸಮುಚ್ಚಯ’ವನ್ನು ಕನ್ನಡದಲ್ಲಿ ರಚಿಸಿದ. ಅಶ್ವಶಾಸ್ತ್ರಗಳ ಮುಖ್ಯ ಆಸಕ್ತಿ ಕುದುರೆಯ ಜಾತಿ, ಬಣ್ಣ, ಸುಳಿ, ರೋಗ, ಔಷಧ. ಹೊಲಿಯುವವನ ಕಸುಬು ಪಂಡಿತನ ಕೈಗೆ ಬರುವಂತಹದಲ್ಲ. ಅದು ತಂದೆಯ ಕೈಯಿಂದ ಮಗನ ಕೈಗೆ ನೇರವಾಗಿ ಹೋಯಿತು, ಓಲೆಗರಿಯನ್ನು ಮುಟ್ಟಲಿಲ್ಲ.

ಆದರೆ ಗ್ರಂಥ ಬಿಟ್ಟದ್ದನ್ನು ನುಡಿ ಬಿಡುವುದಿಲ್ಲ. ಕುದುರೆಯ ಸಾಮಾನಿನ ಕನ್ನಡ ಪದಗಳನ್ನು ಒಂದು ಕಡೆ ಇಟ್ಟು ನೋಡಿದರೆ ಎರಡು ಪದರಗಳು ಕಾಣುತ್ತವೆ. ಹಳಗನ್ನಡದ ಪಲ್ಲಣ, ಪಕ್ಕರೆ, ವಾಘೆ ಒಂದು ಪದರ. ಅದರ ಮೇಲೆ ಪಾರಸಿ, ಅರಬ್ಬಿ ಮೂಲದ ಜೀನು, ಲಗಾಮು, ತಂಗು, ರಿಕಾಪು ಇನ್ನೊಂದು ಪದರ. ಸುಲ್ತಾನರ ಸವಾರರ ಜತೆಗೆ ಬಂದ ಈ ಪದಗಳು ಹಳೆಯವನ್ನು ಕಾವ್ಯಕ್ಕೆ ಅಟ್ಟಿ ತಾವು ಬೀದಿಯಲ್ಲಿ ನಿಂತುವು. ಕುದುರೆಯನ್ನು ಸಾಕಿ ಅರಿಯದ ನಮ್ಮ ಊರಿನವರೂ ಬಾಯಿಗೆ ಬಂದಂತೆ ಮಾತಾಡುವವನನ್ನು ಕಂಡು ‘ನಾಲಗೆಗೆ ಲಗಾಮಿಲ್ಲ’ ಎನ್ನುತ್ತಾರೆ. ಜೀನು ಎಂಬ ಪದದಿಂದಲೇ ಜೀನಗಾರ ಎಂಬ ಕುಲನಾಮ ಹುಟ್ಟಿತು. ಉತ್ತರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಈ ಹೆಸರಿನ ಮನೆತನಗಳು ಇಂದಿಗೂ ಇವೆ. ಜೀನಿಗೆ ಬೇಡಿಕೆ ಕುಗ್ಗಿದಂತೆ ಅವರಲ್ಲಿ ಹಲವರು ಚಿತ್ರ ಬರೆಯುವ, ಬೊಂಬೆ ಮಾಡುವ, ಲೋಹದ, ಪುಸ್ತಕದ ರಟ್ಟು ಕಟ್ಟುವ ಕೆಲಸಗಳಿಗೆ ಹೊರಳಿದರು. ಕಸುಬು ಕೈಬಿಟ್ಟರೂ ಹೆಸರು ಬಿಡಲಿಲ್ಲ.

ಹೊಲಿಯುವವನ ಹತಾರಗಳು ಕನ್ನಡ ಸಾಹಿತ್ಯದಲ್ಲಿ ಮಾನ ಪಡೆದದ್ದು ವಚನಗಳಲ್ಲಿ. ಮಾದಾರ ಚೆನ್ನಯ್ಯನ ಅಂಕಿತದಲ್ಲಿ ಅವನ ಉಳಿ, ಕತ್ತಿ, ಅಡಿಗೂಟಗಳೇ ದೇವರ ಹೆಸರಿನೊಡನೆ ಕೂಡಿಕೊಂಡಿವೆ. ಅರಸನ ಬಿರುದಿನಲ್ಲಿ ಕುದುರೆ ಬರುವುದು ಸಾಮಾನ್ಯ. ದೇವರ ಹೆಸರಿನಲ್ಲಿ ಚರ್ಮ ಕೊರೆಯುವ ಉಳಿ ಬಂದದ್ದು ಅಲ್ಲಿ.

ಇನ್ನು ಹೊಲಿಗೆಯ ವಿಷಯಕ್ಕೆ ಬರೋಣ. ಕೈಯಿಂದ ಜೀನು ಹೊಲಿಯುವವನು ಒಂದೇ ದಾರದ ಎರಡು ತುದಿಗಳಿಗೆ ಎರಡು ಸೂಜಿಗಳನ್ನು ಪೋಣಿಸುತ್ತಾನೆ. ದಾರಕ್ಕೆ ಜೇನುಮೇಣ ಸವರಿರುತ್ತದೆ. ಮೊದಲು ಉಳಿಯಿಂದ ತೂತು. ಬಳಿಕ ಅದೇ ತೂತಿನಲ್ಲಿ ಒಂದು ಸೂಜಿ ಎಡದಿಂದ ಬಲಕ್ಕೆ, ಇನ್ನೊಂದು ಬಲದಿಂದ ಎಡಕ್ಕೆ. ಎರಡು ಕೈಗಳನ್ನೂ ಚಾಚಿ ಎಳೆದು ಬಿಗಿಯುತ್ತಾನೆ. ಪ್ರತಿ ತೂತಿನಲ್ಲಿಯೂ ಎರಡು ಎಳೆಗಳು ಒಂದನ್ನೊಂದು ದಾಟುತ್ತವೆ. ಒಂದು ಎಳೆ ಸವೆದು ಹರಿದರೂ ಇನ್ನೊಂದು ಎಳೆ ಬಾರನ್ನು ಹಿಡಿದಿರುತ್ತದೆ. ಓಡುವ ಕುದುರೆಯ ಮೇಲೆ ಕುಳಿತವನಿಗೆ ಈ ಎರಡನೆಯ ಎಳೆಯೇ ಆಯುಸ್ಸು.

ಈ ಎಳೆಯ ಬೆಲೆ ಚೆನ್ನಾಗಿ ಗೊತ್ತಿದ್ದವರು ಶಿಲೇದಾರರು. ಸರಕಾರದ ಕುದುರೆಯನ್ನು ಹತ್ತಿದವನು ಬಾರಗೀರ; ತನ್ನ ಸ್ವಂತ ಕುದುರೆಯನ್ನೂ ಅದರ ಸಾಮಾನನ್ನೂ ತಂದು ಚಾಕರಿಗೆ ನಿಂತವನು ಶಿಲೇದಾರ. 1807ರಲ್ಲಿ ಮೈಸೂರು ಸಂಸ್ಥಾನವು 4,000 ಸವಾರರನ್ನು ಸದಾ ಸಿದ್ಧವಾಗಿಡಬೇಕೆಂದು ಕಂಪೆನಿ ಸರಕಾರದೊಡನೆ ಒಪ್ಪಂದವಾಯಿತು. ಸ್ವಂತ ಸಾಮಾನನ್ನು ಕಟ್ಟಿಕೊಂಡು ಬಂದ ಸವಾರನಿಗೆ ಹರಿದ ತಂಗು ತನ್ನದೇ ಖರ್ಚು, ತನ್ನದೇ ಅಪಾಯ. ಸಂಬಳ ಪಟ್ಟಿಯಲ್ಲಿ ಸವಾರನ ಹೆಸರು ಬಂತು. ಅವನ ತಂಗನ್ನು ಹೊಲಿದವನು ಅವನ ಕೈಯಿಂದಲೇ ಕಾಸು ಪಡೆದು ಮರೆಗೆ ಹೋದ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಮೈಸೂರು ಮತ್ತು ಜೋಧಪುರದ ಲ್ಯಾನ್ಸರುಗಳು ಗೆದ್ದದ್ದು ಅಶ್ವದಳದ ಕೊನೆಯ ದೊಡ್ಡ ಸಾಹಸಗಳಲ್ಲಿ ಒಂದು. ಕಾರ್ಮೆಲ್ ಬೆಟ್ಟದ ಕಡಿದಾದ ಏರಿನಲ್ಲಿ ಮೈಸೂರಿನ ಸವಾರರು ಕುದುರೆಗಳನ್ನು ಹತ್ತಿಸಿದರು. ಏರಿನಲ್ಲಿ ಜೀನು ಹಿಂದಕ್ಕೆ ಜಾರದಂತೆ ಹಿಡಿದದ್ದು ತಂಗು ಮತ್ತು ಎದೆಪಟ್ಟಿ. ದೆಹಲಿಯಲ್ಲಿ ಆ ದಳಗಳ ನೆನಪಿಗೆ 1922ರಲ್ಲಿ ನಿಲ್ಲಿಸಿದ ಮೂರು ಕಂಚಿನ ಮೂರ್ತಿಗಳಿಂದಲೇ ತೀನ್ ಮೂರ್ತಿ ಎಂಬ ಹೆಸರು ಬಂತು. ಅಲ್ಲಿ ಸೈನಿಕರು ನಿಂತಿದ್ದಾರೆ, ಕುದುರೆಗಳಿಲ್ಲ. ಕುದುರೆಯೇ ಇಲ್ಲದ ಮೇಲೆ ಜೀನಿನ ಮಾತು ಎಲ್ಲಿಂದ ಬರಬೇಕು!

ಆ ಹೊತ್ತಿಗಾಗಲೇ ಜೀನಿನ ಅಂಗಡಿಗೆ ಯಂತ್ರ ಬಂದಾಗಿತ್ತು. 1846ರಲ್ಲಿ ಅಮೆರಿಕದ ಎಲಿಯಾಸ್ ಹೋ, 1851ರಲ್ಲಿ ಐಸಾಕ್ ಸಿಂಗರ್ ಹೊಲಿಗೆ ಯಂತ್ರಗಳಿಗೆ ಹಕ್ಕುಪತ್ರ ಪಡೆದರು. ಸಿಂಗರ್ ಕಂಪೆನಿಯು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ 1885ರಲ್ಲಿ ತೆರೆದು 1980ರಲ್ಲಿ ಮುಚ್ಚಿದ ಕಾರ್ಖಾನೆಯ ಯಂತ್ರಗಳು ಭಾರತದ ಮೂಲೆಮೂಲೆಗೂ ಬಂದುವು. ಯಂತ್ರಗಳನ್ನು ಸಂಶಯದಿಂದ ಕಂಡ ಗಾಂಧೀಜಿಯವರೂ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಮನೆಯ ಯಂತ್ರ ಚರ್ಮಕ್ಕೆ ಸಾಲದು. ಅದರಲ್ಲಿ ಬಟ್ಟೆಯನ್ನು ಮುಂದಕ್ಕೆ ನೂಕುವುದು ಕೆಳಗಿರುವ ಹಲ್ಲುಗಳು. ದಪ್ಪ ಬಾರು ಅವಕ್ಕೆ ಜಗ್ಗುವುದಿಲ್ಲ. ಮೋಚಿಗಳಿಗಾಗಿ ಮಾಡಿದ, 29 ಎಂಬ ಅಂಕದಿಂದ ಹೆಸರಾದ ಯಂತ್ರದಲ್ಲಿ ಮೇಲಿನ ಪಾದವೇ ಚರ್ಮವನ್ನು ಕಚ್ಚಿ ಎಳೆಯುತ್ತದೆ. ಆ ಪಾದವನ್ನು ಯಾವ ದಿಕ್ಕಿಗಾದರೂ ತಿರುಗಿಸಬಹುದು. ತೋಳು ಸಪೂರವಾದುದರಿಂದ ಬೂಟಿನ ಒಳಗೂ ಹೋಗುತ್ತದೆ. ಜೀನಿನ ದಪ್ಪ ಪದರಗಳಿಗೆ ಇದಕ್ಕಿಂತ ಬಲವಾದ ಯಂತ್ರಗಳು ಬಂದುವು. ಒಂದು ಬಾರನ್ನು ಕೈಯಿಂದ ಹೊಲಿಯುವ ಹೊತ್ತಿನಲ್ಲಿ ಯಂತ್ರವು ಹತ್ತನ್ನು ಹೊಲಿದು ಇಡುತ್ತದೆ. ದೊಡ್ಡ ದಂಡುಗಳಿಗೆ ಅದೇ ಬೇಕಾಗಿತ್ತು; ಕಾನ್ಪುರದ ಸರಕಾರಿ ಕಾರ್ಖಾನೆಯಂತಹವು ಬೆಳೆದದ್ದು ಆ ಬೇಡಿಕೆಯ ಮೇಲೆ.

ಆದರೆ ಯಂತ್ರದ ಹೊಲಿಗೆಯ ಗುಣ ಬೇರೆ. ಅದರಲ್ಲಿ ಮೇಲಿನ ದಾರ ಮೇಲೆಯೇ ಇರುತ್ತದೆ, ಬಾಬಿನ್ನಿನ ದಾರ ಕೆಳಗೆಯೇ ಇರುತ್ತದೆ. ಎರಡೂ ಚರ್ಮದ ನಡುವೆ ಒಂದಕ್ಕೊಂದು ಕೊಕ್ಕೆ ಹಾಕಿ ತಂತಮ್ಮ ಕಡೆಗೆ ಮರಳುತ್ತವೆ. ತಿಕ್ಕಾಟದಿಂದ ಒಂದು ಕಡೆಯ ದಾರ ಹರಿದರೆ ಕೊಕ್ಕೆ ಸಡಿಲವಾಗಿ ಸಾಲು ಬಿಚ್ಚತೊಡಗುತ್ತದೆ. ಹೊಸ ಸಾಮಾನಿಗೆ, ಚಪ್ಪಟೆಯ ಅಂಚಿಗೆ, ಕುದುರೆಯ ಕಂಬಳಿಗೆ, ಚೀಲಕ್ಕೆ ಇದರಿಂದ ಬಾಧೆಯಿಲ್ಲ. ರಿಪೇರಿಯಲ್ಲಿ ತೊಡಕು. ಹಳೆಯ ಬಾರಿನಲ್ಲಿ ಹಳೆಯ ತೂತುಗಳು ಇರುತ್ತವೆ. ಕೈಯಿಂದ ಹೊಲಿಯುವವನು ಹರಿದ ದಾರವನ್ನು ಕಿತ್ತು, ಅದೇ ತೂತುಗಳನ್ನು ಒಂದೊಂದಾಗಿ ಹುಡುಕಿ ಸೂಜಿ ಹಾಯಿಸುತ್ತಾನೆ. ಯಂತ್ರದ ಸೂಜಿ ತನ್ನ ಲೆಕ್ಕದಲ್ಲಿ ಇಳಿಯುತ್ತದೆ. ಹಳೆಯ ತೂತುಗಳ ನಡುವೆ ಹೊಸ ತೂತುಗಳು ಬೀಳುತ್ತವೆ. ಅಂಚೆಚೀಟಿಗಳ ಹಾಳೆಯಲ್ಲಿ ಚೀಟಿ ಸುಲಭವಾಗಿ ಹರಿಯಲೆಂದು ಸಾಲಾಗಿ ತೂತು ಮಾಡಿರುತ್ತಾರಲ್ಲ, ಬಾರೂ ಹಾಗೆಯೇ ಆಗುತ್ತದೆ. ಆದುದರಿಂದ ಕಸುಬು ಬಲ್ಲವರು ಯಂತ್ರವಿದ್ದರೂ ತಂಗು, ಲಗಾಮು, ರಿಕಾಪಿನ ಬಾರುಗಳಂತಹ ಪ್ರಾಣದ ಜಾಗಗಳನ್ನು ಕೈಯಿಂದಲೇ ಹೊಲಿಯುತ್ತಾರೆ.

ಈ ಮಾತಿನ ಸತ್ಯವನ್ನು ನಾನು ಕಂಡುಕೊಂಡದ್ದು ಕುದುರೆಯ ಲಾಯದಲ್ಲಿ ಅಲ್ಲ. ನಮ್ಮ ಪಡುಬಿದ್ರಿಯಲ್ಲಿ ಕಾರ್ಕಳದ ರಸ್ತೆ ಹೆದ್ದಾರಿಗೆ ಕೂಡುತ್ತದೆ. ಅಂತಹ ಪೇಟೆಗಳಲ್ಲಿ ಚೀಲ, ಕೊಡೆ, ಚಪ್ಪಲಿ ಹೊಲಿಯುವವರು ಇದ್ದೇ ಇರುತ್ತಾರೆ. ಹಾಗೆ ಕುಳಿತ ಒಬ್ಬ ಹಿರಿಯರ ಮುಂದೆ ಕಪ್ಪು ಬಣ್ಣ ಸವೆದ ಅದೇ ಮಾದರಿಯ ಯಂತ್ರ. ಶಾಲೆಯ ಮಕ್ಕಳ ಚೀಲ, ಬಸ್ಸಿನ ಸೀಟಿನ ರೆಕ್ಸಿನ್, ಲಾರಿಯ ಟಾರ್ಪಾಲಿನ ಅಂಚು ಎಲ್ಲವೂ ಅದರಲ್ಲಿ ಹೊಲಿಯಲ್ಪಡುತ್ತಿದ್ದುವು. ಒಮ್ಮೆ ಮೇಳದ ಚೆಂಡೆಯ ಹೆಗಲಪಟ್ಟಿಯೊಂದು ರಿಪೇರಿಗೆ ಬಂದಿತ್ತು. ಅವರು ಯಂತ್ರವನ್ನು ಪಕ್ಕಕ್ಕೆ ಸರಿಸಿ, ಉಳಿಯನ್ನೂ ಎರಡು ಸೂಜಿಗಳನ್ನೂ ತೆಗೆದರು. ಯಂತ್ರ ಏಕೆ ಬೇಡವೆಂದು ಕೇಳಿದೆ. “ಹಳೆ ತೂತಲ್ಲೇ ಸೂಜಿ ಹೋಗ್ಬೇಕು ಮಾಷ್ಟ್ರೇ. ಹೊಸ ತೂತು ಹಾಕಿದ್ರೆ ಪಟ್ಟಿ ಅಲ್ಲೇ ಹರೀತದೆ. ರಾತ್ರಿ ಇಡೀ ಚೆಂಡೆ ತೂಗ್ಬೇಕಲ್ಲ” ಎಂದರು. ಅವರು ಕುದುರೆಯ ಜೀನನ್ನು ಹೊಲಿದವರಲ್ಲ. ಆದರೂ ಜೀನಿನ ವಿದ್ಯೆ ಅವರ ಬೆರಳಿನಲ್ಲಿತ್ತು. ಚರ್ಮವೂ ಭಾರವೂ ಸೇರಿದ ಕಡೆಯಲ್ಲೆಲ್ಲ ಆ ವಿದ್ಯೆ ಒಂದೇ.

ಆ ಪಟ್ಟಿ ಮೇಳದೊಡನೆ ದೇವಾಲಯದ ಅಂಗಳಕ್ಕೆ ಹೋಗುವಂತಹದು. ಅದನ್ನು ಹೊಲಿದ ಕುಲದವರಿಗೆ ಒಂದು ಕಾಲದಲ್ಲಿ ಆ ಅಂಗಳಕ್ಕೆ ಪ್ರವೇಶವಿರಲಿಲ್ಲ. ಮದ್ದಳೆಯ ಚರ್ಮ ಒಳಗೆ, ಅದನ್ನು ಹದಮಾಡಿದವರು ಹೊರಗೆ. ಜೀನಿನ ಮೇಲೆ ಅರಸ ಕುಳಿತ. ಜೀನನ್ನು ಹೊಲಿದ ಕೈ ಅರಸನ ಎದುರಿಗೆ ಚಾಚಲಾರದು. 1950ರ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. 1955ರಲ್ಲಿ ಅದರ ಆಚರಣೆಗೆ ಶಿಕ್ಷೆ ವಿಧಿಸುವ ಶಾಸನವಾಯಿತು. 1976ರಲ್ಲಿ ಕರ್ನಾಟಕ ಸರಕಾರವು ಚರ್ಮ ಕೈಗಾರಿಕೆಗೆಂದು ಲಿಡ್ಕರ್ ಎಂಬ ನಿಗಮವನ್ನು ಸ್ಥಾಪಿಸಿತು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಮಹಾರಾಷ್ಟ್ರದೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದುವು. ಇವೆಲ್ಲ ಆಗಬೇಕಾದ ಕೆಲಸಗಳು. ಆದರೆ ಇತಿಹಾಸವನ್ನು ಬರೆಯುವವರು, ಓದುವವರು ಮಾಡಬೇಕಾದ ಕೆಲಸ ಇನ್ನೊಂದಿದೆ. ತೊಗಲು ಹದಮಾಡುವುದು ಹೊಲಸಿನ ಕೆಲಸವೆಂದು ಕಂಡ ಕಣ್ಣಿಗೆ ಅದು ಎರಡೂವರೆ ತಿಂಗಳ ರಸಾಯನಶಾಸ್ತ್ರವೆಂಬುದು ಕಾಣಲಿಲ್ಲ. ಎರಡು ಸೂಜಿಯ ಹೊಲಿಗೆ ಒಂದು ಯುಕ್ತಿಯೆಂದು ಯಾವ ಪಂಡಿತನೂ ಅದಕ್ಕೆ ಲಕ್ಷಣ ಬರೆಯಲಿಲ್ಲ. ಕೆಲಸವನ್ನು ಕೀಳೆಂದು ಬಗೆದ ಸಮಾಜವು ಆ ಕೆಲಸದಲ್ಲಿದ್ದ ತಿಳಿವಳಿಕೆಯನ್ನೂ ಕಳೆದುಕೊಂಡಿತು. ನಷ್ಟ ಹೊಲಿದವನಿಗೆ ಮಾತ್ರ ಆದದ್ದಲ್ಲ.

ಕುದುರೆ ಕರ್ನಾಟಕವನ್ನು ಪೂರ್ತಿಯಾಗಿ ಬಿಟ್ಟುಹೋಗಿಲ್ಲ. ದಸರೆಯ ಜಂಬೂಸವಾರಿಯಲ್ಲಿ ಮೈಸೂರಿನ ಅಶ್ವಾರೋಹಿ ಪೊಲೀಸ್ ದಳ ನಡೆಯುತ್ತದೆ. ಅರಮನೆಯ ಸುತ್ತ ಪ್ರವಾಸಿಗಳಿಗಾಗಿ ಟಾಂಗಾಗಳು ಓಡುತ್ತವೆ. ಕುಣಿಗಲ್ಲಿನಲ್ಲಿ ಟೀಪುವಿನ ಕಾಲದಿಂದ ಕುದುರೆ ಸಾಕಿದ ನೆಲವಿದೆ. ಅಲ್ಲೆಲ್ಲ ಬಾರುಗಳು ಹರಿಯುತ್ತಲೇ ಇರುತ್ತವೆ. ಈಗ ಮೇಣದ ನೂಲಿನ ಜಾಗಕ್ಕೆ ನೈಲಾನ್, ಪಾಲಿಯೆಸ್ಟರ್ ದಾರಗಳು ಬಂದಿವೆ. ಎಷ್ಟೋ ಕಡೆ ಚರ್ಮದ ಬದಲು ನೈಲಾನ್ ಪಟ್ಟಿಯೇ ಬಂದಿದೆ, ಅದಕ್ಕೆ ಯಂತ್ರದ ಹೊಲಿಗೆಯೇ ಸಾಕು. ಕಾಲ ಹೀಗೆ ಮುಂದೆ ಹೋಗುವುದರ ಬಗ್ಗೆ ನನಗೆ ತಕರಾರಿಲ್ಲ. ಯಂತ್ರವು ಬೆರಳಿನ ನೋವನ್ನು ಕಡಿಮೆ ಮಾಡಿದೆ, ಸಂಜೆಯೊಳಗೆ ನಾಲ್ಕು ಕಾಸು ಹೆಚ್ಚು ತಂದಿದೆ. ಅದನ್ನು ಹಳಿಯುವ ಹಕ್ಕು ಉಳಿ ಹಿಡಿದು ದುಡಿಯದವರಿಗೆ ಇಲ್ಲ.

ಕೇಳುಗರಲ್ಲಿ ನನ್ನದು ಒಂದೇ ಬಿನ್ನಹ. ಹಂಪೆಯ ಹಜಾರರಾಮ ದೇವಾಲಯದ ಹೊರಗೋಡೆಯ ಮೇಲೆ ಕುದುರೆಗಳ ಸಾಲೇ ಇದೆ. ಊರೂರಿನ ವೀರಗಲ್ಲುಗಳಲ್ಲಿ ಕತ್ತಿ ಹಿಡಿದ ರಾವುತನಿದ್ದಾನೆ. ಇನ್ನು ಮುಂದೆ ಅವುಗಳ ಎದುರಿಗೆ ನಿಂತಾಗ ವೀರನ ಮೀಸೆಯನ್ನು ನೋಡಿ ಹಿಂದಿರುಗಬೇಡಿ. ಸ್ವಲ್ಪ ಬಾಗಿ ಕುದುರೆಯ ಹೊಟ್ಟೆಯ ಕಡೆಗೆ ನೋಡಿ. ಕಲ್ಲು ಮಾಸಿರದಿದ್ದರೆ ಅಲ್ಲಿ ಒಂದು ಪಟ್ಟಿ ಕಾಣುತ್ತದೆ. ಶಾಸನ ಬರೆದವನು ಮರೆತದ್ದನ್ನು ಉಳಿ ಹಿಡಿದ ಇನ್ನೊಬ್ಬ ಕಸುಬುದಾರ, ಕಲ್ಲುಕುಟಿಗ, ಮರೆಯದೆ ಕಂಡರಿಸಿದ್ದಾನೆ.